16ಕ್ಕೆ ಗ್ಲೈಡರ್, 17ಕ್ಕೆ ವಿಮಾನ: ಕೆನಡಾದ ಏರ್ ಕೆಡೆಟ್ ಮಕ್ಕಳು

ಇಲ್ಲಿ ಕೆನಡಾದಲ್ಲಿ 16 ವರ್ಷದ ಹುಡುಗ್ರು ಹುಡುಗೀರು ಕಾರಿನ ಪೂರ್ತಿ ಲೈಸೆನ್ಸ್ ಕೈಗೆ ಬರೋ ಮುಂಚೇನೇ ಗ್ಲೈಡರ್, ಅಂದ್ರೆ ಇಂಜಿನ್ ಇಲ್ಲದ ವಿಮಾನ, ಹಾರಿಸೋ ಲೈಸೆನ್ಸ್ ತಗೊಂಡು ಮನೆಗೆ ಬರ್ತಾರೆ, ಅದೂ ಅಪ್ಪ ಅಮ್ಮ ಸಾಲ ಮಾಡ್ದೆ. ದಾವಣಗೆರೆಲಿ ನಮ್ಮಣ್ಣನಿಗೆ ಹೇಳಿದ್ರೆ ನಂಬ್ಲೇ ಇಲ್ಲ. ಅವ್ನ ಮಗ ಪೈಲಟ್ ಆಗ್ಬೇಕು ಅಂತ ಹಟ ಹಿಡ್ದಿದಾನೆ, ಯಾರನ್ನ ಕೇಳಿದ್ರೂ ಅರ್ಧ ಕೋಟಿ ಮೇಲೇನೇ ಹೇಳ್ತಾರೆ, ಅದಕ್ಕೇ ಇದನ್ನ ಬರೀತಿದೀನಿ.

ಇದನ್ನ ಕಲಿಸೋದು ರಾಯಲ್ ಕೆನೇಡಿಯನ್ ಏರ್ ಕೆಡೆಟ್ಸ್ ಅನ್ನೋ ಮಕ್ಕಳ ಸಂಘಟನೆ. ಅದು ಶುರುವಾಗಿದ್ದು 1941ರಲ್ಲಿ, ಯುದ್ಧದ ಟೈಮಲ್ಲಿ, ಏರ್ ಫೋರ್ಸಿಗೆ ಹುಡುಗ್ರನ್ನ ತಯಾರು ಮಾಡೋಕೆ. ಈಗ 12ರಿಂದ 18 ವರ್ಷದೊಳಗಿನ ಯಾರ್ ಬೇಕಾದ್ರೂ ಸೇರ್ಬಹುದು, ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ, ಪಿಆರ್ (ಇಲ್ಲೇ ಕಾಯಂ ಇರೋಕೆ ಅನುಮತಿ) ಇರೋ ನಮ್ಮಂಥ ಮನೆ ಮಕ್ಳೂ ಸೇರ್ತಾರೆ, ಮುಂದೆ ಮಿಲಿಟರಿಗೆ ಹೋಗ್ಲೇಬೇಕು ಅನ್ನೋ ಕಟ್ಟುಪಾಡೂ ಇಲ್ಲ. ಸೇರೋಕೆ ಫೀಸ್ ಇಲ್ಲ, ಯೂನಿಫಾರಂ ಅವ್ರೇ ಕೊಡ್ತಾರೆ. ಹಂಗಂತ ಪುಕ್ಕಟೆ ಅಂತ ಸುಮ್ನೆ ಕೂರೋ ಹಂಗಿಲ್ಲ. ಟ್ಯಾಗ್ ಡೇ ಅಂತ ಬಂದ್ರೆ ಮಕ್ಳು ಯೂನಿಫಾರಂ ಹಾಕ್ಕೊಂಡು ಅಂಗಡಿ ಬಾಗಿಲಲ್ಲಿ ನಿಂತು ತಮ್ಮ ಸ್ಕ್ವಾಡ್ರನ್‌ಗೆ, ಅಂದ್ರೆ ತಮ್ಮ ಕೆಡೆಟ್ ಘಟಕಕ್ಕೆ, ದುಡ್ಡು ಕೂಡಿಸ್ತಾರೆ, ನಾವು ಅಪ್ಪ ಅಮ್ಮಂದಿರು ಕರ್ಕೊಂಡು ಹೋಗೋದು, ಲೆಕ್ಕ ನೋಡ್ಕೊಳೋದು ಮಾಡ್ತೀವಿ.

ವಾರಕ್ಕೊಂದು ಸಂಜೆ ಪರೇಡ್ ಇರತ್ತೆ. ನನ್ ಮಗಳು ಬುಧವಾರ ಬಂತಂದ್ರೆ ಶೂ ಪಾಲಿಶು, ಇಸ್ತ್ರಿ ಎಲ್ಲಾ ತಾನೇ ಮಾಡ್ಕೋತಾಳೆ. ಡ್ರಿಲ್ ಜೊತೆಗೆ ವಿಮಾನ ಯಾಕೆ ಮೇಲೇಳತ್ತೆ, ಮೋಡ ನೋಡಿ ಹವಾಮಾನ ಹೆಂಗೆ ಹೇಳೋದು, ಮ್ಯಾಪಲ್ಲಿ ದಾರಿ ಹೆಂಗೆ ಹಿಡಿಯೋದು ಅಂತ ಕ್ಲಾಸ್ ನಡಿಯತ್ತೆ.

ಗ್ಲೈಡರ್ ಹಾರಿಸೋದು ಕಲಿಯೋಕೆ ಕೊಡೋ ಸ್ಕಾಲರ್‌ಶಿಪ್ ಮಾತ್ರ ಸುಲಭಕ್ಕೆ ಸಿಗಲ್ಲ. ಚಳಿಗಾಲ ಪೂರ್ತಿ ಗ್ರೌಂಡ್ ಸ್ಕೂಲು (ಹಾರೋಕೆ ಮುಂಚಿನ ಪಾಠ), ಆಮೇಲೆ ಬರೆಯೋ ಪರೀಕ್ಷೆ, ಇಂಟರ್‌ವ್ಯೂ, ಮೆಡಿಕಲ್, ಇಷ್ಟರ ಮೇಲೆ ದೇಶದ ಬೇರೆ ಮಕ್ಳ ಜೊತೆ ಪೈಪೋಟಿ. ಸಿಕ್ಕಿದ್ರೆ ಬೇಸಿಗೇಲಿ ಟ್ರೇನಿಂಗ್ ಜಾಗದಲ್ಲೇ ಇದ್ದು ಕಲಿಯೋದು, ಊಟ ವಸತಿ ಸಮೇತ. ಗ್ಲೈಡರ್ ಹೆಸರು ಶ್ವೈಟ್ಜರ್ 2-33, ಹಳೇ ಕಾಲದ್ದು, ಇಂಜಿನ್ ಇಲ್ಲ, ಮುಂದೆ ಕೆಡೆಟ್ ಹಿಂದೆ ಇನ್‌ಸ್ಟ್ರಕ್ಟರ್. ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳ್ಕೊಂಡು ಹೋಗತ್ತೆ, ಹೊರಡೋವಾಗ ಒಬ್ಬ ಕೆಡೆಟ್ ರೆಕ್ಕೆ ತುದಿ ಹಿಡ್ಕೊಂಡು ಜೊತೇಲೇ ಓಡ್ತಾನೆ, ಮೇಲೆ ಹೋದ್ಮೇಲೆ ಹಗ್ಗ ಬಿಟ್ರೆ ಮುಗೀತು, ಬರೀ ಗಾಳಿ. ಇಂಜಿನ್ ಇಲ್ದಿರೋದ್ರಿಂದ ಇಳಿಯೋಕೆ ಒಂದೇ ಚಾನ್ಸ್, ಹಾಗಾಗಿ ಎತ್ತರ ಎಷ್ಟಿದೆ ದೂರ ಎಷ್ಟಿದೆ ಅನ್ನೋ ಲೆಕ್ಕ ಮಕ್ಳ ಮೈಗೇ ಹತ್ತತ್ತೆ. ಯಾವ ಟ್ಯೂಷನ್ನೂ ಇದನ್ನ ಕಲಿಸಲ್ಲ ಅಂತ ನನ್ನ ನಂಬಿಕೆ. ಮುಂದಿನ ವರ್ಷ ಇಂಜಿನ್ ಇರೋ ವಿಮಾನ ಕಲಿಸೋ ಪವರ್ ಸ್ಕಾಲರ್‌ಶಿಪ್ ಸಿಕ್ರೆ 17ಕ್ಕೆ ಪ್ರೈವೇಟ್ ಪೈಲಟ್ ಲೈಸೆನ್ಸ್. ಕೈಯಿಂದ ಕಟ್ಟಿ ಕಲಿಯೋಕೆ ಹೋದ್ರೆ ಸಾವಿರಾರು ಡಾಲರ್ ಆಗತ್ತೆ.

ಸ್ಪೇಸ್ ಸ್ಟೇಷನ್ನಿಗೆ ಕಮಾಂಡರ್ ಆಗಿದ್ದ ಕ್ರಿಸ್ ಹ್ಯಾಡ್‌ಫೀಲ್ಡ್, 2023ರಲ್ಲಿ ಚಂದ್ರನ ಸುತ್ತಿ ಬರೋ ಆರ್ಟೆಮಿಸ್ 2 ಯಾನಕ್ಕೆ ಆಯ್ಕೆಯಾದ ಜೆರೆಮಿ ಹ್ಯಾನ್ಸೆನ್, ಇಬ್ರೂ ಏರ್ ಕೆಡೆಟ್ ಆಗಿದ್ದವರೇ, ಇಬ್ರೂ ಒಂಟಾರಿಯೋದ ಹೊಲದ ಮನೇಲಿ ಬೆಳೆದವರು.

ಇದು ಇಲ್ಲಿನ ಮಕ್ಳಿಗೆ ಮಾತ್ರ, ಊರಿಂದ ಅಪ್ಲಿಕೇಶನ್ ಹಾಕೋಕಾಗಲ್ಲ. ಏರ್‌ಲೈನ್ ಕಂಪನಿಗಳ ಕೆಡೆಟ್ ಪೈಲಟ್ ಪ್ರೋಗ್ರಾಂ ಬೇರೇನೇ, ಅದಕ್ಕೆ ನಾವೇ ದೊಡ್ಡ ದುಡ್ಡು ಕಟ್ಬೇಕು. ಆದ್ರೆ ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್ ಇದೆಯಲ್ಲ! ಬೆಂಗಳೂರಿನ ಜಕ್ಕೂರಲ್ಲೇ ಏರ್ ವಿಂಗ್ ಕೆಡೆಟ್‌ಗಳು ಮೈಕ್ರೋಲೈಟ್ ವಿಮಾನ ಹತ್ತಿದ್ದಾರೆ. ಏರ್ ವಿಂಗ್ ಸಿ ಸರ್ಟಿಫಿಕೇಟ್ ಇದ್ರೆ ಏರ್ ಫೋರ್ಸ್ ಫ್ಲೈಯಿಂಗ್ ಬ್ರಾಂಚಿಗೆ ಎನ್‌ಸಿಸಿ ಸ್ಪೆಷಲ್ ಎಂಟ್ರಿಲಿ ಹೋಗ್ಬಹುದು, ಎಎಫ್‌ಕ್ಯಾಟ್ ಅನ್ನೋ ಏರ್ ಫೋರ್ಸ್ ಪ್ರವೇಶ ಪರೀಕ್ಷೆ ಬರೆಯೋ ಅಗತ್ಯ ಇಲ್ಲ, ನೇರ ಎಸ್‌ಎಸ್‌ಬಿ, ಅಂದ್ರೆ ಆಯ್ಕೆ ಮಂಡಳಿ ಇಂಟರ್‌ವ್ಯೂ. ಪಿಯುಲಿ ಫಿಸಿಕ್ಸ್ ಮ್ಯಾಥ್ಸ್ ಇರ್ಲೇಬೇಕು. ಎಲ್ಲಾ ಕಾಲೇಜಲ್ಲೂ ಏರ್ ವಿಂಗ್ ಇರಲ್ಲ, ಡಿಗ್ರಿಗೆ ಸೀಟ್ ತಗೊಳೋ ಮುಂಚೆ ಅದೊಂದನ್ನ ವಿಚಾರಿಸಿ, ಅಣ್ಣನಿಗೂ ಅದನ್ನೇ ಹೇಳಿದೀನಿ.