ಕೆಂಪುಕೋಟೆಯ ಅರಮನೆ ಸಾಲು: ಮಾದರಿಯ ಕೆಲಸ, ಹದಿನಾಲ್ಕನೇ ವಾರ

ದೆಹಲಿಯ ಕೆಂಪುಕೋಟೆಯ ಪೂರ್ವದ ಅಂಚಿನಲ್ಲಿ, ಹಿಂದೆ ಯಮುನೆ ಹರಿಯುತ್ತಿದ್ದ ಕಡೆಗೆ ಮುಖ ಮಾಡಿ ನಿಂತಿರುವ ಅರಮನೆಗಳನ್ನು 1:200ರ ಪ್ರಮಾಣದಲ್ಲಿ ಕಟ್ಟುತ್ತಿದ್ದೇನೆ. ನಾಲ್ಕು ಅಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹಮ್ಮಾಮು (ಸ್ನಾನಗೃಹ), ದಿವಾನ್-ಇ-ಖಾಸ್ (ಖಾಸಗಿ ದರ್ಬಾರಿನ ಸಭಾಂಗಣ), ಖಾಸ್ ಮಹಲ್ (ಚಕ್ರವರ್ತಿಯ ಖಾಸಗಿ ವಾಸ), ರಂಗ್ ಮಹಲ್‌ಗಳಿಗೆ ಜಾಗ ಗುರುತಿಸಿದೆ. ಈ ವಾರದ ಹೊತ್ತಿಗೆ ದಿವಾನ್-ಇ-ಖಾಸ್ ಮುಗಿದಿದೆ, ಖಾಸ್ ಮಹಲ್ ಮುಕ್ಕಾಲು ಪಾಲು ಎದ್ದಿದೆ.

ಶಹಜಹಾನನು ರಾಜಧಾನಿಯನ್ನು ಆಗ್ರಾದಿಂದ ದೆಹಲಿಗೆ ತರಲು ನಿರ್ಧರಿಸಿದ ಮೇಲೆ 1639ರಲ್ಲಿ ಆರಂಭವಾದ ಈ ಕೋಟೆಯ ಕೆಲಸ 1648ರಲ್ಲಿ ಪೂರ್ಣಗೊಂಡಿತು. ಮಾದರಿಯೂ 1648ರ ಸ್ಥಿತಿಯನ್ನೇ ತೋರಿಸಬೇಕೆಂದು ಮೊದಲೇ ತೀರ್ಮಾನಿಸಿದ್ದೆ; ಆ ತೀರ್ಮಾನಕ್ಕೆ ಬದ್ಧನಾಗಿರುವುದು ಎಷ್ಟು ಕಷ್ಟವೆಂಬುದು ಈಗ ತಿಳಿಯುತ್ತಿದೆ. ಹಮ್ಮಾಮಿನ ಪಶ್ಚಿಮಕ್ಕಿರುವ ಮೋತಿ ಮಸೀದಿಯನ್ನು ಕಟ್ಟಿಸಿದವನು ಔರಂಗಜೇಬ. ಆದ್ದರಿಂದ ಆ ಜಾಗವನ್ನು ಖಾಲಿ ಬಿಟ್ಟೆ. ಖಾಸ್ ಮಹಲಿಗೆ ಹೊಂದಿಕೊಂಡ ಎಂಟು ಮೂಲೆಯ ಗೋಪುರ ಮುಸಮ್ಮನ್ ಬುರ್ಜಿನ ವಿಷಯದಲ್ಲಿ ಮಾತ್ರ ಎಡವಿದೆ. ಚಕ್ರವರ್ತಿ ಬೆಳಗಿನ ದರ್ಶನ ಕೊಡುತ್ತಿದ್ದ ಸ್ಥಳವೆಂಬ ಉತ್ಸಾಹದಲ್ಲಿ, ನದಿಯ ಕಡೆಗೆ ಚಾಚಿದ ಅದರ ಮೊಗಸಾಲೆಯನ್ನು ಮೂರು ಸಂಜೆ ಕೂತು ಕತ್ತರಿಸಿ ಅಂಟಿಸಿಯೂ ಆಗಿತ್ತು. ಅದು ಎರಡನೇ ಅಕ್ಬರ್ ಷಾ 1808–09ರ ಸುಮಾರಿಗೆ ಸೇರಿಸಿದ್ದೆಂದು ಗೊತ್ತಾದದ್ದು ಆಮೇಲೆ. ಬ್ಲೇಡಿನಿಂದ ಮೆಲ್ಲನೆ ಬಿಡಿಸಿ ತೆಗೆದು ಡಬ್ಬಿಯಲ್ಲಿ ಇಟ್ಟಿದ್ದೇನೆ. 1911ರ ದರ್ಬಾರಿನ ವೇಳೆ ಐದನೇ ಜಾರ್ಜ್ ದೊರೆ ಮತ್ತು ರಾಣಿ ಮೇರಿ ಜನರಿಗೆ ಕಾಣಿಸಿಕೊಂಡದ್ದು ಇಲ್ಲಿಂದಲೇ ಆದ್ದರಿಂದ ಆ ತುಣುಕನ್ನು ಎಸೆಯಲು ಮನಸ್ಸು ಬರಲಿಲ್ಲ.

ದಿವಾನ್-ಇ-ಖಾಸ್ 90 ಅಡಿ ಉದ್ದ, 67 ಅಡಿ ಅಗಲದ ಕಟ್ಟಡ. ನನ್ನ ಪ್ರಮಾಣದಲ್ಲಿ ಅದು 13.7 ಸೆಂಟಿಮೀಟರ್ ಉದ್ದ, 10.2 ಸೆಂಟಿಮೀಟರ್ ಅಗಲ. ದಳದಳವಾಗಿ ಬಾಗಿದ ಕಮಾನುಗಳನ್ನು ಐವರಿ ಕಾರ್ಡಿನಲ್ಲಿ ಕತ್ತರಿಸುವಾಗ ಬ್ಲೇಡನ್ನು ತಿರುಗಿಸದೆ ಹಾಳೆಯನ್ನೇ ತಿರುಗಿಸಬೇಕು. ಇಲ್ಲವಾದರೆ ಎರಡು ದಳಗಳು ಕೂಡುವ ಚೂಪು ತುದಿ ಹರಿದು ಕಮಾನು ಮೊಂಡಾಗುತ್ತದೆ. ಈ ಸಭಾಂಗಣದ ಬೆಳ್ಳಿಯ ಚಾವಣಿಯನ್ನು 1760ರಲ್ಲಿ ಮರಾಠರು ಕಿತ್ತು ಕರಗಿಸಿದರು. ಮಯೂರ ಸಿಂಹಾಸನವನ್ನು ಅದಕ್ಕೂ ಮೊದಲೇ, 1739ರಲ್ಲಿ, ನಾದಿರ್ ಷಾ ಕೊಂಡೊಯ್ದಿದ್ದ. ನನ್ನದು 1648ರ ಮಾದರಿಯಾದ ಕಾರಣ ಒಳಚಾವಣಿಗೆ ಬೆಳ್ಳಿಬಣ್ಣದ ತೆಳು ಹಾಳೆ ಅಂಟಿಸಿ, ಅದು ಕಾಣುವಂತೆ ಮೇಲ್ಛಾವಣಿಯನ್ನು ನಾಲ್ಕು ಮೂಲೆಯ ಛತ್ರಿಗಳ ಸಮೇತ ಎತ್ತಿಡುವಂತೆ ಮಾಡಿದ್ದೇನೆ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಕಟ್ಟಡಗಳ ನಡುವಿನ ಜಾಗ. ಇಂದು ಅಲ್ಲಿಗೆ ಹೋದವರಿಗೆ ಹುಲ್ಲುಹಾಸಿನ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತ ಬಿಡಿಬಿಡಿ ಮಂಟಪಗಳು ಕಾಣುತ್ತವೆ, ಮೊಗಲರು ಹೀಗೆಯೇ ಕಟ್ಟಿದ್ದರೆಂದು ನಂಬಿಯೂ ಬರುತ್ತಾರೆ. 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷರು ಅಂಗಳಗಳನ್ನು ಸುತ್ತುವರಿದಿದ್ದ ಪಡಸಾಲೆಗಳನ್ನೂ ಜನಾನಾದ, ಅಂದರೆ ರಾಣಿವಾಸದ, ಬಹುಪಾಲನ್ನೂ ಕೆಡವಿ ಸೈನಿಕರ ಬ್ಯಾರಕ್ ಕಟ್ಟಿದ ಮೇಲೆ ಉಳಿದ ನೋಟವದು. ದಿವಾನ್-ಇ-ಖಾಸಿನ ಮುಂದೆ ಅಂಗಳವಿತ್ತು, ಅದರ ಬಾಗಿಲಿಗೆ ಲಾಲ್ ಪರ್ದಾ ಎಂಬ ಕೆಂಪು ತೆರೆ ಇತ್ತು; ಅದನ್ನು ದಾಟಿ ಒಳಬರುವುದು ಎಲ್ಲರಿಗೂ ಸಿಗುವ ಭಾಗ್ಯವಾಗಿರಲಿಲ್ಲ. ಅಂಗಳದ ಗೋಡೆಗಳನ್ನು ಫೋಮ್ ಬೋರ್ಡಿನಲ್ಲಿ ಎಬ್ಬಿಸಿ, ಬಾಗಿಲಿಗೆ ಉಗುರಿನಷ್ಟಗಲದ ಕೆಂಪು ರೇಷ್ಮೆ ಚೂರನ್ನು ಇಳಿಬಿಟ್ಟ ದಿನ ಆ ಮಂಟಪ ಮೊದಲ ಬಾರಿಗೆ ಅರಮನೆಯಂತೆ ಕಂಡಿತು.

ಅಂಗಳಗಳ ಜೊತೆಗೆ ಈ ಸಾಲನ್ನು ಒಂದಾಗಿ ಹಿಡಿದಿದ್ದದ್ದು ನಹರ್-ಇ-ಬಿಹಿಷ್ತ್, ಅಂದರೆ ಸ್ವರ್ಗದ ಕಾಲುವೆ. ಅರಮನೆಗಳು ನದಿಯ ದಂಡೆಯಿಂದ ಬಹಳ ಎತ್ತರದಲ್ಲಿರುವುದರಿಂದ ಕೆಳಗಿನ ಯಮುನೆಯ ನೀರು ತಾನಾಗಿ ಮೇಲೇರಲಾರದು. ಹಾಗಾಗಿ ದೆಹಲಿಗಿಂತ ಬಹಳ ಮೇಲಕ್ಕೆ, ನದಿ ಬೆಟ್ಟಗಳಿಂದ ಇಳಿಯುವ ಕಡೆಯಿಂದಲೇ ನೀರನ್ನು ತಿರುಗಿಸಿ ತಂದರು. ಫಿರೋಜ್ ಷಾ ತುಘಲಕನ ಕಾಲದ ಹಳೆಯ ಕಾಲುವೆಯನ್ನು ಶಹಜಹಾನನ ಅಧಿಕಾರಿ ಅಲಿ ಮರ್ದಾನ್ ಖಾನನ ಮೇಲ್ವಿಚಾರಣೆಯಲ್ಲಿ ದುರಸ್ತಿ ಮಾಡಿ ಮುಂದುವರಿಸಲಾಯಿತು. ಆ ನೀರು ಕೋಟೆಯ ಈಶಾನ್ಯ ಮೂಲೆಯ ಷಾ ಬುರ್ಜಿನಿಂದ ಹೊರಟು ಒಂದೊಂದೇ ಮಹಲಿನ ನೆಲದ ನಡುವೆ ದಕ್ಷಿಣಕ್ಕೆ ಸಾಗುತ್ತಿತ್ತು. ಖಾಸ್ ಮಹಲಿನಲ್ಲಿ ಅದು ನ್ಯಾಯದ ತಕ್ಕಡಿಯನ್ನು ಕೊರೆದ ಅಮೃತಶಿಲೆಯ ಜಾಲಂಧ್ರದ ಕೆಳಗೆ ಹಾಯುತ್ತಿತ್ತು. ನನ್ನ ಮಾದರಿಯಲ್ಲಿ ಈ ಜಾಲಂಧ್ರ ಹೆಬ್ಬೆರಳಿನಷ್ಟೂ ಇಲ್ಲ. ಕೊರೆಯುವ ಆಸೆ ಬಿಟ್ಟು, ಬಟರ್ ಪೇಪರಿನ ಮೇಲೆ 0.1 ಪೆನ್ನಿನಿಂದ ತಕ್ಕಡಿ, ಬಾಲಚಂದ್ರ, ನಕ್ಷತ್ರಗಳನ್ನು ಬರೆದೆ. ಹಿಂದಿನಿಂದ ದೀಪ ಹಿಡಿದರೆ ತೆಳುವಾದ ಅಮೃತಶಿಲೆಯ ಹಾಗೆಯೇ ಬೆಳಕನ್ನು ಬಿಡುತ್ತದೆ.

ನಿಜವಾದ ನೀರನ್ನೇ ಹರಿಸಿ ನೋಡಿದೆ. ಒಂದು ಸೆಂಟಿಮೀಟರ್ ಅಗಲದ ವಾರ್ನಿಷ್ ಮಾಡಿದ ಕಾಲುವೆಯಲ್ಲಿ ನೀರು ಹರಿಯದೆ ಕೆಸುವಿನೆಲೆಯ ಮೇಲಿನಂತೆ ಮುತ್ತುಗಟ್ಟಿ ನಿಂತಿತು. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದಾಗ ಸಾಗಿತಾದರೂ ಹಮ್ಮಾಮಿನ ಅಂಚಿನಲ್ಲಿ ಪ್ಲೈವುಡ್ ಉಬ್ಬಲು ತೊಡಗಿತು. ಆದ್ದರಿಂದ ಪಾರದರ್ಶಕ ರೆಸಿನ್ ಸುರಿಯುವುದೆಂದು ನಿಶ್ಚಯಿಸಿದ್ದೇನೆ. ಅದಕ್ಕೂ ಮುನ್ನ ರಂಗ್ ಮಹಲಿನ ನಡುವಣ ಕಮಲದಾಕಾರದ ಅಮೃತಶಿಲೆಯ ಕೊಳ ಸಿದ್ಧವಾಗಬೇಕು. ಜೇಡಿಮಣ್ಣಿನಲ್ಲಿ ಮಾಡಿದ ಮೊದಲ ಎರಡು ಕಮಲಗಳು ಒಣಗುವಾಗ ಬಿರುಕು ಬಿಟ್ಟವು. ಮೂರನೆಯದು ಒದ್ದೆ ಬಟ್ಟೆಯ ಕೆಳಗೆ ನಿಧಾನವಾಗಿ ಒಣಗುತ್ತಿದೆ.