ದೇವರು ಪ್ರೀತಿಯಾಗಿದ್ದರೆ ತೀರ್ಪು ಏಕೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕ್ರೈಸ್ತ ವಿಶ್ವಾಸದ ಕುರಿತು ಬರೆಯುವ ನನಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ರೂಪ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಸಂದೇಹದಿಂದ ಕೇಳುವವರು, "ದೇವರು ಪ್ರೀತಿಸ್ವರೂಪಿ ಎನ್ನುತ್ತೀರಿ, ಅದೇ ಬಾಯಲ್ಲಿ ಆರದ ಬೆಂಕಿಯ ಮಾತನ್ನೂ ಆಡುತ್ತೀರಿ, ಎರಡರಲ್ಲಿ ಯಾವುದನ್ನು ನಂಬಬೇಕು?" ಎನ್ನುತ್ತಾರೆ. ಭಕ್ತಿಯಿಂದ ಕೇಳುವವರ ದನಿ ಬೇರೆ. ವಿಶ್ವಾಸವಿಲ್ಲದೆ ತೀರಿಹೋದ ತಂದೆಯನ್ನೋ ಮಗನನ್ನೋ ಮನಸ್ಸಿನಲ್ಲಿಟ್ಟುಕೊಂಡು ಅವರು ಇದೇ ಪ್ರಶ್ನೆಯನ್ನು ಕೇಳುತ್ತಾರೆ, ಉತ್ತರ ಏನಿರುವುದೋ ಎಂದು ಅಂಜುತ್ತಲೂ ಇರುತ್ತಾರೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತೀರ್ಪು ಇದೆ, ಅದು ಭಯಹುಟ್ಟಿಸುವಂಥದ್ದೂ ಹೌದು. ಆದರೆ ಬೈಬಲ್ ತೋರಿಸುವ ದೇವರು ತೀರ್ಪು ಮಾಡುವುದು ಕೆಟ್ಟುಹೋದದ್ದನ್ನು ಸರಿಪಡಿಸುವುದಕ್ಕೆ, ಕೆಡಿಸಿದವನನ್ನು ಇಲ್ಲವಾಗಿಸುವುದಕ್ಕಲ್ಲ. ದೇವರ ಪ್ರೀತಿಯನ್ನು ಒಂದು ತಟ್ಟೆಯಲ್ಲೂ ನ್ಯಾಯವನ್ನು ಇನ್ನೊಂದು ತಟ್ಟೆಯಲ್ಲೂ ಇಟ್ಟು ತೂಗುವ ವಿವರಣೆ ಬೋಧನೆಗಳಲ್ಲಿ ಆಗಾಗ ಕೇಳಿಬರುತ್ತದೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಆ ವಿವರಣೆಯಲ್ಲಿ ದೇವರು ಎರಡು ಮನಸ್ಸಿನವನಾಗುತ್ತಾನೆ, ಮತ್ತು ನಮ್ಮ ಪಾಲಿಗೆ ಯಾವ ಮನಸ್ಸು ಮೇಲಾದೀತು ಎಂದು ಕಾಯುವುದೇ ಭಕ್ತಿಯಾಗಿಬಿಡುತ್ತದೆ.

ಕೀರ್ತನೆಗಳ ಪುಸ್ತಕದ 96ನೆಯ ಕೀರ್ತನೆಯನ್ನು ನೋಡಿ. ಆಕಾಶ ಹರ್ಷಿಸಲಿ, ಸಮುದ್ರ ಮೊರೆಯಲಿ, ಕಾಡಿನ ಮರಗಳೆಲ್ಲ ಆನಂದದಿಂದ ಹಾಡಲಿ ಎಂದು ಕವಿ ಕರೆಕೊಡುತ್ತಾನೆ. ಕಾರಣವೇನೆಂದರೆ ಕರ್ತನು ಭೂಮಿಗೆ ನ್ಯಾಯತೀರಿಸಲು ಬರುತ್ತಾನೆ. ಶಿಕ್ಷೆಯ ಸುದ್ದಿ ಕೇಳಿ ಮರಗಳು ಹಾಡುವುದಿಲ್ಲ. ದೊರೆಯೂ ಸಾಹುಕಾರನೂ ಹಂಚಿಕೊಂಡು ತಿನ್ನುವ ನಾಡಿನಲ್ಲಿ, ವಿಧವೆಯ ಹೊಲ ವಿಧವೆಗೆ ಮರಳಬೇಕಾದರೆ, ತೀರ್ಪು ಮಾಡುವವನೊಬ್ಬ ಬರಲೇಬೇಕು. ತೀರ್ಪು ಎಂದೊಡನೆ ಕಟಕಟೆಯಲ್ಲಿ ನಿಂತವನ ಕಡೆಯಿಂದ ಮಾತ್ರ ಯೋಚಿಸುವ ಅಭ್ಯಾಸ ನಮಗೆ ಅಂಟಿಕೊಂಡಿದೆ. ಕೀರ್ತನೆ ಬರೆದವರು ಹೆಚ್ಚಾಗಿ ದೂರು ಕೊಟ್ಟವರ ಕಡೆಯಲ್ಲಿ ನಿಂತಿದ್ದರು.

ಹಾಗಾದರೆ ಕಟಕಟೆಯಲ್ಲಿ ನಿಂತವನ ಗತಿಯೇನು? ಇಲ್ಲಿ ಪ್ರವಾದಿಗಳ ಮಾತು ಮುಖ್ಯ. ಮಲಾಕಿಯನ ಪುಸ್ತಕದ 3ನೆಯ ಅಧ್ಯಾಯದಲ್ಲಿ ಬರುವ ದೇವರು ಅಕ್ಕಸಾಲಿಗನ ಬೆಂಕಿಯಂತೆ, ಅಗಸನ ಚೌಳಿನಂತೆ ಇದ್ದಾನೆ. ಆ ಬೆಂಕಿಗೆ ಬೀಳುವವರು ಲೇವಿಯ ಸಂತತಿಯ ಯಾಜಕರು. ಬಿದ್ದವರು ಬೂದಿಯಾಗುವುದಿಲ್ಲ, ಶುದ್ಧರಾಗಿ ಮತ್ತೆ ಕಾಣಿಕೆ ಅರ್ಪಿಸುತ್ತಾರೆ. ಯೆಶಾಯನ 19ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಇಸ್ರಾಯೇಲರನ್ನು ದಾಸರಾಗಿ ದುಡಿಸಿದ್ದ ಈಜಿಪ್ಟನ್ನು ದೇವರು ಹೊಡೆಯುತ್ತಾನೆ, ಹೊಡೆದು ಗುಣಪಡಿಸುತ್ತಾನೆ. ಕೊನೆಗೆ ಈಜಿಪ್ಟನ್ನು "ನನ್ನ ಪ್ರಜೆ" ಎಂದೂ ಅಶ್ಶೂರವನ್ನು ತನ್ನ ಕೈಕೆಲಸವೆಂದೂ ಕರೆಯುತ್ತಾನೆ.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಯೆಹೆಜ್ಕೇಲನ 16ನೆಯ ಅಧ್ಯಾಯ. ಕ್ರಿ.ಪೂ. 597ರಲ್ಲಿ ಸೆರೆಯಾಗಿ ಬಾಬಿಲೋನಿಗೆ ಸಾಗಿಸಲ್ಪಟ್ಟವರಲ್ಲಿ ಒಬ್ಬನಾದ ಈ ಪ್ರವಾದಿ ಜೆರುಸಲೇಮಿನ ಮೇಲೆ ಆಡುವ ಮಾತುಗಳು ಎಷ್ಟು ಕಟುವೆಂದರೆ ಅವನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವುದೇ ಕಷ್ಟ. ನೀನು ಸೊದೋಮಿಗಿಂತ ಕೆಟ್ಟವಳು ಎನ್ನುತ್ತಾನೆ. ಸೊದೋಮಿನ ಪಾಪವೆಂದರೆ ಗರ್ವ, ಹೊಟ್ಟೆತುಂಬಿದ ನೆಮ್ಮದಿ, ಬಡವರಿಗೆ ಕೈನೀಡದಿರುವುದು ಎಂದು ವಿವರಿಸುತ್ತಾನೆ. ಅಷ್ಟಾದ ಮೇಲೆ, ಯಾರೂ ನಿರೀಕ್ಷಿಸದ ಒಂದು ವಾಗ್ದಾನ ಬರುತ್ತದೆ: ಸೊದೋಮನ್ನೂ ಅವಳ ಕುಮಾರಿಯರನ್ನೂ ಅವರ ಮೊದಲಿನ ಸ್ಥಿತಿಗೆ ಮರಳಿಸುತ್ತೇನೆ. ಸೊದೋಮ್ ಎಂದರೆ ಆದಿಕಾಂಡದಲ್ಲಿ ಗಂಧಕದ ಬೆಂಕಿಗೆ ಸುಟ್ಟುಹೋದ ಊರು, ಸರ್ವನಾಶಕ್ಕೆ ಇನ್ನೊಂದು ಹೆಸರೇ ಆಗಿಹೋದ ಊರು. ಇದು ಜೆರುಸಲೇಮನ್ನು ಇನ್ನಷ್ಟು ನಾಚಿಸಲು ಆಡಿದ ಚುಚ್ಚುಮಾತು ಮಾತ್ರ ಎನ್ನುವ ವ್ಯಾಖ್ಯಾನವನ್ನು ನಾನು ಬಲ್ಲೆ. ನಾಚಿಸುವ ಉದ್ದೇಶವಿರುವುದು ನಿಜ. ಆದರೆ ಅಧ್ಯಾಯದ ಕೊನೆಯ ಸಾಲುಗಳಲ್ಲಿ ಆ ನಾಚಿಕೆ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಬೇಕು. ಮೊದಲು ದೇವರು ಒಡಂಬಡಿಕೆಯನ್ನು ಸ್ಥಾಪಿಸಿ ಕ್ಷಮಿಸುತ್ತಾನೆ, ಆಮೇಲೆ ಅವಳು ತನ್ನ ನಡತೆಯನ್ನು ನೆನೆದು ಬಾಯಿ ತೆರೆಯಲಾರದೆ ನಿಲ್ಲುತ್ತಾಳೆ. ನಾಚಿದ್ದಕ್ಕೆ ಕ್ಷಮೆಯಲ್ಲ, ಕ್ಷಮೆ ಸಿಕ್ಕಿದ್ದಕ್ಕೆ ನಾಚಿಕೆ. ತೀರ್ಪಿನ ಅತ್ಯಂತ ನೋವಿನ ಘಳಿಗೆ ಕ್ಷಮೆಯ ಒಳಗೇ ಇದೆ ಎಂಬುದು ಆ ಅಧ್ಯಾಯದಿಂದ ನಾನು ತಿಳಿದುಕೊಂಡ ವಿಷಯ.

ಅದೇ ಕ್ರಮ ಯೋಹಾನನ ಸುವಾರ್ತೆಯಲ್ಲಿ ಒಬ್ಬ ಮನುಷ್ಯನ ಮುಖದ ಮೇಲೆ ಕಾಣುತ್ತದೆ. ಮಹಾಯಾಜಕನ ಅಂಗಳದಲ್ಲಿ ಚಳಿಗೆ ಆಳುಗಳು ಹಾಕಿದ್ದ ಇದ್ದಿಲ ಬೆಂಕಿಯ ಬಳಿ ನಿಂತು ಪೇತ್ರನು ತನ್ನ ಗುರುವನ್ನು ಮೂರು ಸಲ ಅಲ್ಲಗಳೆದ. ಯೇಸು ಪುನರುತ್ಥಾನ ಹೊಂದಿದ ಮೇಲೆ, ತಿಬೇರಿಯ ಸಮುದ್ರದ ದಡಕ್ಕೆ ಪೇತ್ರ ಬಂದಾಗ ಅಲ್ಲಿಯೂ ಇದ್ದಿಲ ಬೆಂಕಿ ಉರಿಯುತ್ತಿದೆ, ಅದರ ಮೇಲೆ ಮೀನು ಇದೆ, ಪಕ್ಕದಲ್ಲಿ ರೊಟ್ಟಿ ಇದೆ. ಆ ಸುವಾರ್ತೆಯಲ್ಲಿ ಇದ್ದಿಲ ಬೆಂಕಿ ಕಾಣಿಸಿಕೊಳ್ಳುವುದು ಈ ಎರಡೇ ಕಡೆ. ಮೊದಲು ಊಟವಾಗುತ್ತದೆ. ಊಟವಾದ ಮೇಲೆ ಯೇಸು ಅವನನ್ನು ಪೇತ್ರನೆಂದು ಕರೆಯದೆ, "ಯೋಹಾನನ ಮಗನಾದ ಸೀಮೋನನೇ" ಎಂದು ಹಳೆಯ ಹೆಸರಿನಿಂದ ಕರೆದು, ನನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಲ ಕೇಳುತ್ತಾನೆ. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು ಎಂದು ಸುವಾರ್ತೆ ಹೇಳುತ್ತದೆ. ಆಗಬೇಕಾದದ್ದೇ. ಅಲ್ಲಗಳೆದದ್ದನ್ನು ಯೇಸು ಬಾಯಿಬಿಟ್ಟು ಎತ್ತಿ ಆಡಲಿಲ್ಲ, ಪರವಾಗಿಲ್ಲ ಬಿಡು ಎಂದೂ ಅನ್ನಲಿಲ್ಲ. ಗಾಯವಾದ ಜಾಗಕ್ಕೇ ಮೂರು ಸಲ ಕೈಯಿಟ್ಟ, ಪ್ರತಿ ಸಲವೂ "ನನ್ನ ಕುರಿಗಳನ್ನು ಮೇಯಿಸು" ಎಂದು ಕೆಲಸ ಒಪ್ಪಿಸಿದ. ಅಂತ್ಯ ತೀರ್ಪು ಹೇಗಿರಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಈ ದಡವನ್ನೇ ತೋರಿಸುತ್ತೇನೆ, ಏಕೆಂದರೆ ತಂದೆಯು ತೀರ್ಪುಮಾಡುವ ಅಧಿಕಾರವನ್ನೆಲ್ಲ ಮಗನಿಗೇ ಒಪ್ಪಿಸಿದ್ದಾನೆ ಎಂದು ಅದೇ ಸುವಾರ್ತೆಯ 5ನೆಯ ಅಧ್ಯಾಯ ಹೇಳುತ್ತದೆ. ಪೇತ್ರನನ್ನು ವಿಚಾರಿಸಿದವನೇ ನಮ್ಮನ್ನೂ ವಿಚಾರಿಸುವವನು.

ಇದೆಲ್ಲ ಈ ಕಾಲದ ಮೆದು ಮನಸ್ಸಿನವರು ಕಟ್ಟಿದ ಮಾತು ಎಂಬ ಆಕ್ಷೇಪ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಒರಿಗೆನ್ 3ನೆಯ ಶತಮಾನದಲ್ಲೇ ದೇವರ ಶಿಕ್ಷೆಗಳನ್ನು ಚಿಕಿತ್ಸೆಯೆಂದು ಬೋಧಿಸಿದ. ರೋಮಿನ ಡೇಸಿಯಸ್ ಚಕ್ರವರ್ತಿ ಕ್ರೈಸ್ತರ ಮೇಲೆ ನಡೆಸಿದ ಹಿಂಸಾಚಾರದಲ್ಲಿ ಅವನೇ ಸೆರೆಮನೆಯ ಚಿತ್ರಹಿಂಸೆ ಅನುಭವಿಸಿದವನು, ಆದ್ದರಿಂದ ನೋವೆಂದರೇನೆಂದು ಅರಿಯದವನೆಂದು ಅವನನ್ನು ತಳ್ಳಿಹಾಕಲಾಗದು. ನಿಸ್ಸದ ಬಿಷಪ್ ಗ್ರೆಗೊರಿ, 379ರಲ್ಲಿ ಮರಣಶಯ್ಯೆಯಲ್ಲಿದ್ದ ತನ್ನ ಅಕ್ಕ ಮಕ್ರೀನಳ ಬಾಯಿಂದ ಹೇಳಿಸುವ ಉಪಮೆಯೊಂದಿದೆ: ದಪ್ಪನೆ ಜೇಡಿ ಮೆತ್ತಿಕೊಂಡ ಹಗ್ಗವನ್ನು ಕಿರಿದಾದ ತೂತಿನೊಳಗಿಂದ ಬಲವಾಗಿ ಎಳೆದರೆ ಜೇಡಿಯೆಲ್ಲ ಕೆರೆದು ಹೊರಗುಳಿಯುತ್ತದೆ, ಹಗ್ಗ ಒಳಗೆ ಬರುತ್ತದೆ. ಎಳೆಯುವವನು ದ್ವೇಷದಿಂದ ಎಳೆಯುವುದಿಲ್ಲ, ತನ್ನದನ್ನು ತನ್ನ ಬಳಿಗೆ ಸೆಳೆದುಕೊಳ್ಳುತ್ತಾನೆ. ನೋವು ಎಷ್ಟೆಂಬುದು ಮೆತ್ತಿಕೊಂಡ ಜೇಡಿ ಎಷ್ಟೆಂಬುದರ ಮೇಲೆ ನಿಂತಿದೆ. 7ನೆಯ ಶತಮಾನದಲ್ಲಿ ಸಿರಿಯಾಕ್ ಭಾಷೆಯಲ್ಲಿ ಬರೆದ ನಿನೆವೆಯ ಇಸಾಕ್, ನರಕದಲ್ಲಿರುವವರನ್ನು ಬಾಧಿಸುವುದು ಪ್ರೀತಿಯ ಚಾಟಿಯೇ, ಪ್ರೀತಿಗೆ ವಿರುದ್ಧವಾಗಿ ನಡೆದೆವೆಂಬ ಅರಿವಿಗಿಂತ ಕಡುವಾದ ಯಾತನೆ ಬೇರಿಲ್ಲ ಎಂದ.

ಇನ್ನೊಂದು ಪಕ್ಷವೂ ಅಷ್ಟೇ ಹಳೆಯದು, ಮತ್ತು ಅದರ ಕೈಯೇ ಮೇಲಾಯಿತು. ಶಿಕ್ಷೆಗೆ ಕೊನೆಯುಂಟು ಎನ್ನುವ ಕರುಣಾಳುಗಳಿಗೆ ಬಿಷಪ್ ಅಗಸ್ಟೀನ್ ದೀರ್ಘವಾಗಿಯೇ ಉತ್ತರ ಬರೆದ. 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆ ಒರಿಗೆನ್‌ನನ್ನು ಪಾಷಂಡಿಗಳ ಸಾಲಿಗೆ ಸೇರಿಸಿತು. ಆ ವಿವಾದದಲ್ಲಿ ಆತ್ಮಗಳು ದೇಹಕ್ಕೆ ಮೊದಲೇ ಇದ್ದವೆಂಬ ವಾದವೂ ಹೆಣೆದುಕೊಂಡಿತ್ತು, ಶಿಕ್ಷೆ ಶುದ್ಧಿಗಾಗಿ ಎಂದೇ ಹೇಳಿದ ಗ್ರೆಗೊರಿಯಾದರೋ ಇಂದಿಗೂ ಸಂತನಾಗಿಯೇ ಉಳಿದಿದ್ದಾನೆ. ಲುಥೆರನ್ ಸಭೆಗಳ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆ ಶಿಕ್ಷೆಗೆ ಅಂತ್ಯವಿದೆ ಎನ್ನುವವರನ್ನು ಹೆಸರಿಸಿಯೇ ಖಂಡಿಸುತ್ತದೆ. ಕಥೋಲಿಕ ಧರ್ಮಸಭೆ ನಿತ್ಯನರಕವನ್ನು ಬೋಧಿಸುತ್ತದೆ, ರಕ್ಷಣೆಗೆ ಸೇರಿದವರ ಶುದ್ಧೀಕರಣವನ್ನೂ ಬೋಧಿಸುತ್ತದೆ, ಯಾರೂ ನಷ್ಟವಾಗದಿರಲೆಂದು ಪ್ರಾರ್ಥಿಸುವುದನ್ನೂ ಬಿಟ್ಟಿಲ್ಲ.

ಈ ಪಕ್ಷಕ್ಕೆ ಬಲ ಬಂದಿರುವುದು ಯೇಸುವಿನ ಮಾತುಗಳಿಂದಲೇ ಎಂಬುದನ್ನು ಮರೆಮಾಚಬಾರದು. ಮತ್ತಾಯನ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಡದವರು ನಿತ್ಯದಂಡನೆಗೆ ಹೋಗುತ್ತಾರೆ. ಅದನ್ನು ಜಾಣತನದಿಂದ ತಿರುಚಿ ಹಗುರ ಮಾಡುವವರ ಜೊತೆ ನಾನಿಲ್ಲ. ಆದರೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ಒಬ್ಬನು ಕಟ್ಟಿದ್ದೆಲ್ಲ ಸುಟ್ಟುಹೋದರೂ ಅವನು ಬೆಂಕಿಯೊಳಗಿಂದ ತಪ್ಪಿಸಿಕೊಂಡವನಂತೆ ರಕ್ಷಣೆ ಹೊಂದುವನು ಎಂದಿದ್ದಾನೆ. ರೋಮದವರಿಗೆ ಬರೆಯುತ್ತ, ಎಲ್ಲರಿಗೂ ಕರುಣೆ ತೋರಿಸಬೇಕೆಂದೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಹಾಕಿದ್ದಾನೆ ಎನ್ನುತ್ತಾನೆ. ಎರಡು ಬಗೆಯ ವಚನಗಳೂ ಅದೇ ಪುಸ್ತಕದಲ್ಲಿವೆ. ಎಚ್ಚರಿಕೆಯ ವಚನಗಳನ್ನು ನನಗಾಗಿ ಓದಿಕೊಳ್ಳುತ್ತೇನೆ, ಪಕ್ಕದವನ ಗತಿಯನ್ನು ನಿರ್ಧರಿಸುವುದಕ್ಕೆ ಬಳಸುವುದಿಲ್ಲ. ಎಲ್ಲರೂ ಸರಿಹೋಗಿಯೇ ತೀರುತ್ತಾರೆಂದು ಸಿದ್ಧಾಂತವಾಗಿ ಸಾರುವ ಧೈರ್ಯ ನನಗಿಲ್ಲ. ಹಾಗೆ ನಿರೀಕ್ಷಿಸುವ ಹಕ್ಕು ಮಾತ್ರ ಇದೆ ಎಂದು ನಂಬಿದ್ದೇನೆ. ತೀರಿಹೋದವರನ್ನು ನೆನೆದು ಕೇಳುವವರಿಗೆ ನಾನು ಕೊಡಬಲ್ಲದ್ದು ಇಷ್ಟೇ, ಆದರೆ ಇದು ಕಡಿಮೆಯೆಂದು ನನಗೆ ಅನ್ನಿಸಿಲ್ಲ.

ಇಷ್ಟು ಹೇಳಿದೊಡನೆ ಹಿಟ್ಲರನ ಹೆಸರು ಬರುತ್ತದೆ. ಕೊಂದವನೂ ಕೊಲೆಯಾದವನೂ ಒಂದೇ ಪಂಕ್ತಿಯಲ್ಲಿ ಕೂರುವುದೇ? ಪ್ರಶ್ನೆ ನ್ಯಾಯವಾದದ್ದು. ಪೋಪ್ 16ನೆಯ ಬೆನೆಡಿಕ್ಟ್ 2007ರಲ್ಲಿ ನಿರೀಕ್ಷೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಇದನ್ನೇ ಎತ್ತಿ, ಕೃಪೆ ನ್ಯಾಯವನ್ನು ಅಳಿಸಿಹಾಕುವುದಿಲ್ಲ, ಏನೂ ನಡೆದೇ ಇಲ್ಲವೆಂಬಂತೆ ದುಷ್ಟರು ತಮ್ಮಿಂದ ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳಲಾರರು ಎಂದಿದ್ದಾರೆ. ಸರಿಪಡಿಸುವ ತೀರ್ಪೆಂದರೆ ಸುಲಭದ ತೀರ್ಪು ಎಂದುಕೊಳ್ಳುವುದೇ ಇಲ್ಲಿನ ಎಡವಟ್ಟು. ನಾಶವಾಗುವವನು ತಾನು ಮಾಡಿದ್ದನ್ನು ಎಂದಿಗೂ ನೋಡಬೇಕಾಗಿಲ್ಲ. ಸರಿಯಾಗಬೇಕಾದವನು ಒಂದೊಂದನ್ನೂ, ಅನುಭವಿಸಿದವರ ಕಣ್ಣಿನಿಂದಲೇ, ನೋಡಬೇಕು. ನೊಂದವರ ಪಾಲಿಗೂ ಅಷ್ಟೇ: ಅಪರಾಧಿ ಇಲ್ಲವಾದರೆ ಅವರ ದೂರಿಗೆ ಉತ್ತರ ಕೊಡುವವರೇ ಇಲ್ಲವಾಗುತ್ತಾರೆ. ಅವರು ಕ್ಷಮಿಸಲೇಬೇಕೆಂದು ಹೊರಗಿನಿಂದ ಒತ್ತಾಯಿಸುವ ಅಧಿಕಾರ ಮಾತ್ರ ನನಗೂ ಇಲ್ಲ, ಯಾವ ಬೋಧಕನಿಗೂ ಇಲ್ಲ.

ಕೊನೆಗೆ ಉಳಿಯುವ ಉಪಪ್ರಶ್ನೆ: ಹೇಗೂ ದೇವರು ಸರಿಮಾಡುತ್ತಾನಾದರೆ ಈಗಲೇ ಏಕೆ ತಿದ್ದಿಕೊಳ್ಳಬೇಕು? ಲೂಕನ ಸುವಾರ್ತೆಯಲ್ಲಿ ಬರುವ ಯೆರಿಕೋವಿನ ಜಕ್ಕಾಯನನ್ನು ನೋಡಿ. ಅವನು ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ, ಊರವರ ಕಣ್ಣಿಗೆ ಪಾಪಿ. ಯೇಸು ಅವನಿಗೆ ಒಂದು ಬೈಗುಳವನ್ನೂ ಆಡದೆ ಅವನ ಮನೆಯಲ್ಲಿ ಇಳಿದುಕೊಂಡ. ಜಕ್ಕಾಯ ತಾನಾಗಿಯೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದರಲ್ಲೊಂದು ಪಾಲು ಸೇರಿಸಿ ಕೊಟ್ಟರೆ ಸಾಕೆಂದು ಅರಣ್ಯಕಾಂಡದ ನಿಯಮವಿತ್ತು. ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಯ್ದವನಿಗೆ ವಿಮೋಚನಕಾಂಡ ವಿಧಿಸಿದ ದಂಡ. ತನ್ನನ್ನು ಕಳ್ಳನೆಂದು ತಾನೇ ಎಣಿಸಿಕೊಂಡು ಭಾರವಾದದ್ದನ್ನೇ ಆರಿಸಿಕೊಂಡ. ರಕ್ಷಣೆ ಈ ಮನೆಗೆ ಬಂತು ಎಂದು ಯೇಸು ಹೇಳಿದ್ದು ಅದನ್ನು ಕೇಳಿದ ಮೇಲೆ. ಜಕ್ಕಾಯ ಇದನ್ನು ಮುಂದೂಡಿದ್ದರೆ ಅವನಿಗೆ ಉಳಿತಾಯವೇನೂ ಆಗುತ್ತಿರಲಿಲ್ಲ. ಸುಂಕದ ಕಟ್ಟೆ ನಡೆಯುತ್ತಿತ್ತು, ಸುಲಿಗೆಯಾದವರು ಹೆಚ್ಚುತ್ತಿದ್ದರು, ಅವರಲ್ಲಿ ಕೆಲವರು ಅವನು ಹಣ ಹಿಡಿದು ಬಾಗಿಲಿಗೆ ಬರುವ ಮೊದಲೇ ಸತ್ತಿರುತ್ತಿದ್ದರು, ಮತ್ತು ನಾಲ್ಕರಷ್ಟು ಕೊಡಬೇಕಾದ ಮೊತ್ತ ಪ್ರತಿ ವರ್ಷವೂ ಬೆಳೆಯುತ್ತಿತ್ತು.