ಕುಮಟಾ ಸುತ್ತ ಸಣ್ಣ ಹಕ್ಕಿ ನೋಡಲು ಹೋಗ್ತೀರಾ? ಹೈಡ್‌ಗೆ ದುಡ್ಡು ಸುರಿಯಬೇಡಿ

ಘಟ್ಟದ ಬುಡದಲ್ಲಿರುವ ಆ ಹೋಮ್‌ಸ್ಟೇ ಹೆಸರು ಬರೆಯುವುದಿಲ್ಲ. ಆದರೆ ಲೆಕ್ಕ ಹೇಳದೆ ಬಿಡುವುದೂ ಇಲ್ಲ. ರೂಮಿಗೆ 3,200 ರೂಪಾಯಿ ಅಂತ ಫೋನಿನಲ್ಲಿ ಮಾತಾಗಿತ್ತು. ಹೋದ ಮೇಲೆ ಕ್ಯಾಮೆರಾಗೆ 1,500 ಬೇರೆ, ಹೈಡ್‌ನಲ್ಲಿ ಕೂರಲು ತಲೆಗೆ 800 ಬೇರೆ. ಹೈಡ್ ಅಂದರೆ ಹಕ್ಕಿಗೆ ಕಾಣದಂತೆ ಕೂತು ನೋಡುವ ಜಾಗ: ಹಸಿರು ಬಲೆ ಕಟ್ಟಿದ ಶೆಡ್ಡು, ನಾಲ್ಕು ಪ್ಲಾಸ್ಟಿಕ್ ಸ್ಟೂಲು, ಎದುರಿಗೊಂದು ಸಿಮೆಂಟ್ ತೊಟ್ಟಿ. ಹುಡುಗನೊಬ್ಬ ಬಂದು ಕೊಂಬೆ ಮೇಲೆ ಹುಳ ಇಟ್ಟ. ಬ್ಲೂಟೂತ್ ಸ್ಪೀಕರ್‌ನಲ್ಲಿ ಹಕ್ಕಿಯ ಕೂಗು ಹಾಕಿ ಹೋದ. ಟಿಕೆಲ್ಸ್ ಬ್ಲೂ ಫ್ಲೈಕ್ಯಾಚರ್ (ಹುಳ ಹಿಡಿಯುವ ಸಣ್ಣ ನೀಲಿ ಹಕ್ಕಿ) ಗಂಡು ಬಂತು, ಸುಳ್ಳಲ್ಲ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂದುಕೊಂಡು ಸ್ಪೀಕರ್ ಸುತ್ತ ಹಾರಾಡಿ ಹಾರಾಡಿ ಸುಸ್ತಾಯಿತು. ಪಕ್ಕದವರು ಟಕಟಕ ಶಟರ್ ಒತ್ತುತ್ತಲೇ ಇದ್ದರು. ನಾನು ಎದ್ದು ಬಂದೆ.

ಹೊಟ್ಟೆ ಉರಿದಿದ್ದು ಮರುದಿನ. ಹತ್ತಿರದ ಹಳ್ಳಿಯಲ್ಲಿ ತೋಟದವರನ್ನು ಕೇಳಿಕೊಂಡು ಅಡಿಕೆ ತೋಟದ ಅಂಚಿಗೆ ಕೂತೆ. ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ಹರಿದು ಬಂದು ಸಣ್ಣ ಹೊಂಡಕ್ಕೆ ಬೀಳುವ ಜಾಗ. ಸಂಜೆ ನಾಲ್ಕರ ಮೇಲೆ ಅದೇ ಜಾತಿಯ ಹಕ್ಕಿ, ತಾನಾಗಿಯೇ ಬಂತು. ತಗ್ಗಿನ ಕೊಂಬೆಯಿಂದ ಹಾರಿ, ಗಾಳಿಯಲ್ಲೇ ಹುಳ ಹಿಡಿದು, ಮತ್ತೆ ಅದೇ ಕೊಂಬೆಗೆ. ಕೊಕ್ಕು ಮುಚ್ಚುವ 'ಟಿಕ್' ಸದ್ದು ಕೇಳುವಷ್ಟು ಹತ್ತಿರ. ಸ್ವಲ್ಪ ಹೊತ್ತಿಗೆ ಬ್ಲೂ ಥ್ರೋಟೆಡ್ ಫ್ಲೈಕ್ಯಾಚರ್ ಕೂಡ ಸ್ನಾನಕ್ಕೆ ಇಳಿಯಿತು. ಇವೆರಡರಲ್ಲಿ ಗೊಂದಲ ಆಗುವುದು ಸಹಜ. ಗಂಡಿನ ಗಂಟಲು ನೋಡಿ. ಗಂಟಲಿನಿಂದಲೇ ಕಿತ್ತಳೆ ಶುರುವಾದರೆ ಟಿಕೆಲ್ಸ್. ಗಂಟಲು ನೀಲಿಯಾಗಿದ್ದು ಎದೆ ಮಾತ್ರ ಕಿತ್ತಳೆಯಾದರೆ ಬ್ಲೂ ಥ್ರೋಟೆಡ್. ಮೊದಲನೆಯದು ವರ್ಷವಿಡೀ ಇಲ್ಲೇ ಇರುತ್ತದೆ. ಎರಡನೆಯದು ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬರುತ್ತದೆ. ಎದೆಯೂ ನೀಲಿ, ಹೊಟ್ಟೆ ಬಿಳಿ ಇದ್ದರೆ ವೈಟ್ ಬೆಲ್ಲೀಡ್ ಬ್ಲೂ. ಅದಕ್ಕೆ ದಟ್ಟ ನೆರಳು ಬೇಕು. ನನಗೆ ಸಿಗಲಿಲ್ಲ.

ಯಾಣಕ್ಕೆ ಎಲ್ಲರೂ ಹೋಗುತ್ತಾರೆ. ಅದೇ ತೊಂದರೆ. ಶನಿವಾರ, ಭಾನುವಾರ ಹೋದರೆ ಹಕ್ಕಿ ಬಿಡಿ, ನಿಮ್ಮ ಮಾತೇ ನಿಮಗೆ ಕೇಳಿಸಲ್ಲ. ನಾನು ಹತ್ತಿದ ಬಸ್ಸು 'ಯಾಣ' ಅಂತ ಟಿಕೆಟ್ ಕೊಟ್ಟು ಕ್ರಾಸ್‌ನಲ್ಲೇ ಇಳಿಸಿ ಹೋಯಿತು. ನಡೆಯುವುದು ನನಗೆ ಕಷ್ಟವಲ್ಲ, ಮಕ್ಕಳಿರುವವರು ಕುಮಟಾದಿಂದಲೇ ಆಟೋ ಮಾತಾಡಿಕೊಳ್ಳಿ. ವಾರದ ಮಧ್ಯೆ, ಬೆಳಕು ಹರಿಯುವಾಗ ಅಲ್ಲಿದ್ದರೆ ಹಳ್ಳದ ಬಂಡೆ ಮೇಲೆ ಮಲಬಾರ್ ವಿಸ್ಲಿಂಗ್ ಥ್ರಶ್ ಸಿಗುತ್ತದೆ. ಹೆಸರಿನಲ್ಲಿ ಥ್ರಶ್ ಇದ್ದರೂ ಈಗ ಅದನ್ನು ಸೇರಿಸಿರುವುದು ಫ್ಲೈಕ್ಯಾಚರ್ ಕುಟುಂಬಕ್ಕೆ. ಉದ್ದ ಬಾಲದ ಪ್ಯಾರಡೈಸ್ ಫ್ಲೈಕ್ಯಾಚರ್ ಆ ಕುಟುಂಬದ್ದಲ್ಲ! ಅದರಲ್ಲಿ ಬಿಳಿ ಗಂಡನ್ನೇ ಹುಡುಕುತ್ತಾ ಕೂರಬೇಡಿ. ಕಂದುಗೆಂಪು ಬಣ್ಣದ ಗಂಡುಗಳೂ ಇರುತ್ತವೆ.

ಊಟಕ್ಕೆ ಕುಮಟಾ ಪೇಟೆಯ ಒಳಗಿನ ಒಂದು ಖಾನಾವಳಿ. ಬೋರ್ಡೂ ಇಲ್ಲ, ಹೆಂಚಿನ ಮನೆ, ನಾಲ್ಕೇ ಟೇಬಲ್. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ತೆಂಗಿನಕಾಯಿ ಹಾಕಿದ ಬಳಚಿನ (ಚಿಪ್ಪಿಮೀನಿನ) ಸುಕ್ಕಾ. ಬಳಚು ಅಘನಾಶಿನಿಯದ್ದು, ಬೆಳಗ್ಗೆ ತಾನೇ ತೆಗೆದಿದ್ದು. ಚಿಪ್ಪಿನೊಳಗೆ ಮಸಾಲೆ ತುಂಬಿ ನಿಂತಿತ್ತು, ಒಂದೊಂದನ್ನೂ ಬಾಯಲ್ಲಿಟ್ಟು ಚೀಪಿದೆ. ಬಡಿಸುತ್ತಿದ್ದ ಅಕ್ಕ "ಇನ್ನೊಂದ್ ಚೂರು ಅನ್ನ ಹಾಕ್ಲಾ ತಮಾ?" ಅಂತ ಕೇಳಿದರೇ ಹೊರತು ನಾನು ಬೇಡ ಅನ್ನುವವರೆಗೆ ಕಾಯಲಿಲ್ಲ. ಕೊನೆಗೆ ಸೋಲ್ ಕಡಿ, ಕೋಕಂ ಹುಳಿಯ ಪಾನೀಯ. ಒಟ್ಟು 130 ರೂಪಾಯಿ. ಹೋಮ್‌ಸ್ಟೇಯಲ್ಲಿ ತಣ್ಣಗಿನ ಪೂರಿಗೆ ಇದಕ್ಕಿಂತ ಜಾಸ್ತಿ ಕೊಟ್ಟಿದ್ದೆ. ಒಂದೂವರೆ ಮೇಲೆ ಹೋದರೆ ಬಳಚು ಖಾಲಿ.

ಗೋಕರ್ಣಕ್ಕೂ ಹೋಗಿದ್ದೆ. ಹಕ್ಕಿಗಾಗಿ ಹೋಗುವವರಿಗೆ ಅಲ್ಲಿ ಹೇಳುವಂಥದ್ದೇನೂ ಇಲ್ಲ.

ನನ್ನ ಕೇಳಿದರೆ ಮಿರ್ಜಾನ್ ಕೋಟೆಗೆ ಒಂದು ಪೂರ್ತಿ ಬೆಳಗ್ಗೆ ಇಟ್ಟುಕೊಳ್ಳಿ. ರಾಣಿಯ ಕಥೆ, ಸೆಲ್ಫಿ ಎಲ್ಲ ಆಮೇಲೆ. ಚಿರೆಕಲ್ಲಿನ ಗೋಡೆ ಮೇಲೆ ಬ್ಲೂ ರಾಕ್ ಥ್ರಶ್ ನೆಟ್ಟಗೆ ಕೂತಿರುತ್ತದೆ. ದೂರಕ್ಕೆ ಕರಿಹಕ್ಕಿ ಅನಿಸುತ್ತದೆ. ಬಿಸಿಲು ಬಿದ್ದಾಗ ಬೂದಿನೀಲಿ ಮೈ, ಗರಿಯ ಅಂಚಲ್ಲೆಲ್ಲ ಸಣ್ಣ ಬಿಳಿಗೆರೆ ಕಾಣುತ್ತದೆ. ಕೆಳಗಿನ ಹುಲ್ಲಿನಲ್ಲಿ ಚಿಟ್ಟುಮಡಿವಾಳ ಬಾಲ ಎತ್ತಿಕೊಂಡು ಓಡಾಡುತ್ತಿರುತ್ತದೆ, ಬಾಲದಡಿ ಇಟ್ಟಿಗೆ ಬಣ್ಣ.

ಅಲ್ಲಿಂದ ಗಜನಿ ಕಡೆ ಇಳಿಯಿರಿ. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆಗಳು ಇವು. ಅಘನಾಶಿನಿಯ ಅಳಿವೆಗೆ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಅನ್ನುವ ಮಾನ್ಯತೆ, 2024ರಲ್ಲಿ ಘೋಷಣೆಯಾಯಿತು. ಬಂದವರೆಲ್ಲ ಟೆಲಿಸ್ಕೋಪ್ ಹಿಡಿದು ಕೆಸರಿನ ಹಕ್ಕಿಗಳನ್ನೇ ನೋಡುತ್ತಾರೆ. ನೀವು ಬದುವಿನ ಒಣ ಕಡ್ಡಿಗಳ ತುದಿ ನೋಡಿ. ಸೈಬೀರಿಯನ್ ಸ್ಟೋನ್‌ಚಾಟ್ ಕೂತಿರುತ್ತದೆ. ನೆಲಕ್ಕೆ ಬಿದ್ದು, ಹುಳ ಹಿಡಿದು, ಮತ್ತೆ ಕಡ್ಡಿ ತುದಿಗೆ. ನೆರಳಿಲ್ಲ, ಟೋಪಿ ಮರೆಯಬೇಡಿ.

ಮಿರ್ಜಾನ್‌ಗೆ ಕುಮಟಾದಿಂದ ಅಂಕೋಲಾ ಕಡೆಯ ಲೋಕಲ್ ಬಸ್ ಹತ್ತಿ, ಹನ್ನೊಂದು ಕಿಲೋಮೀಟರ್. ಎಕ್ಸ್‌ಪ್ರೆಸ್ ಆದರೆ ನಿಲ್ಲಿಸ್ತಾರಾ ಅಂತ ಮೊದಲೇ ಕೇಳಿ. ಹೆದ್ದಾರಿಯಿಂದ ಕೋಟೆಗೆ ಅರ್ಧ ಕಿಲೋಮೀಟರ್ ನಡಿಗೆ. ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಮಾರ್ಚ್ ಕಳೆದರೆ ವಲಸೆ ಬಂದವು ಹೊರಟುಬಿಡುತ್ತವೆ, ಸೆಕೆಯೂ ಶುರು. ಕ್ರಿಸ್‌ಮಸ್ ವಾರ ಮಾತ್ರ ಬೇಡ, ರೂಮಿನ ರೇಟು ದುಪ್ಪಟ್ಟು.